1.6 ಲಕ್ಷದ ಲ್ಯಾಪ್‌ಟಾಪ್ ಸ್ವಂತ ದುಡ್ಡಲ್ಲಿ ತಗೋಬೇಕಾ?

ಆಫೀಸಲ್ಲಿ ಕೊಟ್ಟಿರೋ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಇಷ್ಟ ಆಯ್ತು, ಮನೆಗೂ ಅದನ್ನೇ 1.6 ಲಕ್ಷ ಕೊಟ್ಟು ತಗೊಳ್ಲಾ ಅಂತ ಕೇಳಿದೀರ. ನನ್ ಪ್ರಕಾರ ಬೇಡ. ಲ್ಯಾಪ್‌ಟಾಪ್ ಚೆನ್ನಾಗಿಲ್ಲ ಅಂತಲ್ಲ, ಆ ಕೀಬೋರ್ಡು, ಆ 1.1 ಕೆಜಿ ತೂಕ ಎಲ್ಲಾ ನಿಜವಾಗ್ಲೂ ಸೂಪರ್, ಆದ್ರೆ ಆ ರೇಟು ಇರೋದು ಕಂಪನಿಗಳ ಲೆಕ್ಕಕ್ಕೆ. ಅವ್ರು ಒಟ್ಟಿಗೆ ನೂರಾರು ತಗೋತಾರೆ ಡಿಸ್ಕೌಂಟ್ ಸಿಗುತ್ತೆ, 18% ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದ್ರೆ ಅವ್ರು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳ್ಕೊಳ್ಳೋ ಥರ, ಸಿಗುತ್ತೆ, ಮೇಲೆ ವರ್ಷಕ್ಕೆ 40% ಡಿಪ್ರಿಸಿಯೇಷನ್ (ಹಳೇದಾಗಿ ಬೆಲೆ ಇಳಿಯೋದನ್ನ ಖರ್ಚು ಅಂತ) ಬೇರೆ ತೋರಿಸಿ ಟ್ಯಾಕ್ಸ್ ಉಳಿಸ್ತಾರೆ. ಸಂಬಳದ ಜನಕ್ಕೆ ಇದ್ಯಾವ್ದೂ ಇಲ್ಲ, ನಿಮ್ಮ 1.6 ಲಕ್ಷದಲ್ಲಿ 24 ಸಾವಿರ ಚಿಲ್ಲರೆ ಬರೀ ಟ್ಯಾಕ್ಸಿಗೇ ಹೋಗುತ್ತೆ.

ಇನ್ನೊಂದು ವಿಷ್ಯ, ಅದ್ರಲ್ಲಿ ರ‍್ಯಾಮ್ (ಮೆಮೊರಿ) ಬೋರ್ಡಿಗೇ ಸೋಲ್ಡರ್ ಆಗಿರುತ್ತೆ, ತೆಗೆದು ಬದಲಾಯಿಸಕ್ಕಾಗಲ್ಲ. ಈಗ 16 ಜಿಬಿ ತಗೊಂಡು ಎರಡು ವರ್ಷ ಬಿಟ್ಟು ಸಾಲಲ್ಲ ಅನ್ಸಿದ್ರೆ ಏನೂ ಮಾಡಕ್ಕಾಗಲ್ಲ. ಅದೇ ಥಿಂಕ್‌ಪ್ಯಾಡ್‌ನದ್ದೇ ಇನ್ನೊಂದು ಮಾಡೆಲ್ ಟಿ14 ಜೆನ್ 5 ನೋಡಿ, ಸ್ವಲ್ಪ ದಪ್ಪ, ಆದ್ರೆ ಎರಡು ರ‍್ಯಾಮ್ ಸ್ಲಾಟ್ ಇದೆ, ಬೇಕಾದಾಗ ನೀವೇ ಹಾಕ್ಕೋಬಹುದು.

ಬೆಂಗಳೂರಲ್ಲಿದ್ರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೂ ಒಂದ್ಸಲ ಹೋಗ್ಬನ್ನಿ, ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟಿರೋ ಇಂಥವೇ ಪೀಸ್‌ಗಳು ತುಂಬಾ ಕಮ್ಮಿಗೆ ಸಿಗ್ತವೆ. ಬ್ಯಾಟರಿ ಹೆಲ್ತ್ ನೋಡಿ, ಬಯೋಸ್ (ವಿಂಡೋಸ್ ಶುರುವಾಗೋ ಮುಂಚೆ ತೆರೆಯೋ ಸೆಟ್ಟಿಂಗ್ಸ್) ಒಳಗೂ ಹೋಗಿ ನೋಡಿ, ಅಲ್ಲಿ ಹಳೇ ಕಂಪನಿ ಹಾಕಿರೋ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದ್ರೆ ಮಾತ್ರ ದಯವಿಟ್ಟು ಮುಟ್ಲೇಬೇಡಿ, ಆಮೇಲೆ ಬೋರ್ಡೇ ಚೇಂಜ್ ಮಾಡ್ಸೋ ಪರಿಸ್ಥಿತಿ ಬರುತ್ತೆ.

ನೀವು ಫ್ರೀಲಾನ್ಸ್ ಮಾಡ್ತಿದ್ದು ಜಿಎಸ್‌ಟಿ ನಂಬರ್ ಇದ್ರೆ ಲೆಕ್ಕ ಬೇರೆ, ಆಗ ಎಕ್ಸ್1 ಧೈರ್ಯವಾಗಿ ತಗೊಳ್ಳಿ.