ಮೂರನೇ ಚೌಕಕ್ಕೆ ಟಿಕ್ ಹಾಕಬೇಕಾ?

ಗುರುತು ಸಿಗಬಾರದು ಅಂತ ಈ ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಸೆಪ್ಟೆಂಬರ್ ಕೊನೆ. ಮಡಿಕೇರಿಯಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಸೋಮವಾರಪೇಟೆ ಕಡೆಯಿಂದ ಗಂಡ ಹೆಂಡತಿ ಮಗಳನ್ನು ಕರೆದುಕೊಂಡು ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದರು. ಹುಡುಗಿಗೆ 13 ವರ್ಷ, ಎಂಟನೇ ಕ್ಲಾಸು. ಮೂರು ವರ್ಷದವಳಿದ್ದಾಗಿಂದ ಫಿಟ್ಸ್. ಎರಡು ಥರದ ಮಾತ್ರೆ ತಿಂದರೂ ವರ್ಷಕ್ಕೆ ನಾಲ್ಕೈದು ಸಲ ಬಂದೇ ಬರುತ್ತದೆ. ಬೆಂಗಳೂರಲ್ಲಿ ನಡೆಯುವ ಒಂದು ಸಂಶೋಧನೆಗೆ ಸೇರಬಹುದು ಅಂತ ಅವರ ಡಾಕ್ಟರು ಹೇಳಿದ್ದಾರೆ. ಮಗು, ಅಪ್ಪ, ಅಮ್ಮ ಮೂವರ ರಕ್ತ ತೆಗೆದು ಜೀನ್‌ಗಳನ್ನು ಹೋಲಿಸಿ ನೋಡುತ್ತಾರೆ. ದುಡ್ಡೇನೂ ಕೊಡಬೇಕಿಲ್ಲ. ಒಪ್ಪಿಗೆ ಪತ್ರ ತುಂಬಿ ಕೊಟ್ಟರೆ ಸಾಕು.

ಜಗಳ ಆಗಿದ್ದು ಆ ಪತ್ರದ ಐದನೇ ಪುಟದಲ್ಲಿ. ಅಲ್ಲಿ ಮೂರು ಚೌಕ. ಫಿಟ್ಸ್‌ಗೆ ಕಾರಣ ಸಿಕ್ಕರೆ ತಿಳಿಸಬೇಕಾ? ಚಿಕ್ಕ ವಯಸ್ಸಿನಲ್ಲೇ ಔಷಧಿ ಕೊಡಬಹುದಾದ ಬೇರೆ ಕಾಯಿಲೆ ಕಂಡರೆ ತಿಳಿಸಬೇಕಾ? ದೊಡ್ಡವಳಾದ ಮೇಲೆ ಬರಬಹುದಾದ ಕಾಯಿಲೆ ಕಂಡರೆ ತಿಳಿಸಬೇಕಾ? ಪತ್ರದಲ್ಲಿ ಇದನ್ನು ಇಷ್ಟು ಸರಳವಾಗಿ ಬರೆದಿರಲಿಲ್ಲ ಬಿಡಿ. 'ಆನುಷಂಗಿಕ ಶೋಧನೆಗಳು' ಅಂತಿತ್ತು, ಅಂದರೆ ಒಂದನ್ನು ಹುಡುಕುವಾಗ ಸಿಕ್ಕ ಬೇರೆ ವಿಷಯಗಳು. ಯಾರ ಮನೆ ಕನ್ನಡವೋ!

ಅಪ್ಪ ಮೂರಕ್ಕೂ ಟಿಕ್ ಹಾಕಿಬಿಟ್ಟಿದ್ದರು. ಅಮ್ಮ ಮೂರನೆಯದನ್ನು ಪೆನ್ನಿನಿಂದ ಗೀಚಿ ಹೊಡೆದಿದ್ದರು. ಗೀಚಿದ ರಭಸಕ್ಕೆ ಕಾಗದ ಸ್ವಲ್ಪ ಹರಿದಿತ್ತು.

"ಮೇಡಂ, ನಮ್ಮದು ಮೂರು ಎಕರೆ ಅರೇಬಿಕಾ ಕಾಫಿ" ಅಂದರು ಅಪ್ಪ. "ಈಗ ಕಾಂಡಕೊರಕ ಹುಳ ಹಿಡಿದ ಗಿಡ ಹುಡುಕೋ ಟೈಮು. ಎಲೆ ಹಳದಿ ಆಗಿದ್ಯಾ, ಕಾಂಡದ ಮೇಲೆ ಉಬ್ಬು ಗೆರೆ ಇದ್ಯಾ ಅಂತ ಒಂದೊಂದೇ ಗಿಡ ನೋಡ್ತೀವಿ. ಮೊದಲೇ ಗೊತ್ತಾದ್ರೆ ತೋಟ ಉಳಿಯುತ್ತೆ. ಮಗಳ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡು ಕೂರೋಕಾಗುತ್ತಾ?"

ಅಮ್ಮ ಏನೂ ಹೇಳಲಿಲ್ಲ. ಅವರಿಗೆ ಭಯ, ಸರಿಯಾಗಿ ವಿವರಿಸಿದರೆ ಹೋಗುತ್ತದೆ ಅಂದುಕೊಂಡೆ ನಾನು. ಇಪ್ಪತ್ತು ನಿಮಿಷ ಪಾಠ ಮಾಡಿದೆ. ದಂಡ. ಕೊನೆಗೆ, "ನಿಮ್ಮ ತವರಲ್ಲಿ ಯಾರಿಗಾದರೂ ಏನಾದರೂ ಇತ್ತಾ?" ಅಂತ ಕೇಳಿದೆ. ಅದನ್ನು ಮೊದಲೇ ಕೇಳಬೇಕಿತ್ತು.

ಅವರ ತಾಯಿ 44ಕ್ಕೆ ಎದೆ ಕ್ಯಾನ್ಸರಿನಿಂದ ಹೋಗಿದ್ದರು. ಚಿಕ್ಕಮ್ಮನಿಗೆ ಅಂಡಾಶಯದ್ದು. ಅಕ್ಕನಿಗೆ ಎರಡು ವರ್ಷದ ಹಿಂದೆ ಎದೆಯ ಆಪರೇಷನ್ ಆಗಿದೆ, ಈಗ ಆರಾಮಾಗಿದ್ದಾರೆ. "ಇವಳಿಗೆ ಅದು ಇದೆ ಅಂತ ಬಂದ್ರೆ ನನಗೂ ಇದೆ ಅಂತ ತಾನೆ?" ಅಂದರು. ಗಂಡ ತಿರುಗಿ ಹೆಂಡತಿಯ ಮುಖ ನೋಡಿದರು. ಈ ಲೆಕ್ಕ ಅವರಿಗೆ ಹೊಳೆದೇ ಇರಲಿಲ್ಲ.

ಹುಡುಗಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮಾತು ಮುಂದುವರಿಸಿದೆವು.

ಅಮ್ಮನ ಲೆಕ್ಕ ಸರಿಯಾಗಿಯೇ ಇತ್ತು. ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನುವ ಜೀನ್‌ಗಳಲ್ಲಿ ದೋಷ ಇದ್ದರೆ ಎದೆ, ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಆ ದೋಷ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಹೋಗುತ್ತದೆ, ಗಂಡಾಗಲಿ ಹೆಣ್ಣಾಗಲಿ. ಮೂವರ ರಕ್ತವನ್ನೂ ಹೋಲಿಸುವುದರಿಂದ ಯಾರ ಕಡೆಯಿಂದ ಬಂತು ಅನ್ನುವುದೂ ಗೊತ್ತಾಗುತ್ತದೆ. ಅಮೆರಿಕದ ವೈದ್ಯಕೀಯ ತಳಿಶಾಸ್ತ್ರದ ಸಂಸ್ಥೆ 2013ರಲ್ಲಿ ಇವೆರಡೂ ಸೇರಿದ 56 ಜೀನ್‌ಗಳ ಪಟ್ಟಿ ಮಾಡಿತ್ತು. ಯಾವ ಕಾರಣಕ್ಕೆ ಪರೀಕ್ಷೆ ಮಾಡಿದರೂ ಇವುಗಳಲ್ಲಿ ದೋಷ ಕಂಡರೆ ತಿಳಿಸಬೇಕು, ರೋಗಿ ಮಗುವಾಗಿದ್ದರೂ ತಿಳಿಸಬೇಕು ಅಂದಿತ್ತು. ಮಗುವಿನಿಂದಾಗಿ ಅಪ್ಪ ಅಮ್ಮನ ಜೀವ ಉಳಿಯಬಹುದು ಅನ್ನುವುದು ಅವರ ವಾದ. ತುಂಬ ವಿರೋಧ ಬಂತು. ಮರುವರ್ಷವೇ, ಬೇಡ ಅನ್ನುವವರಿಗೆ ಬೇಡ ಅನ್ನುವ ಅವಕಾಶ ಕೊಟ್ಟರು. ನನಗೂ ಆ ವಾದ ಅಷ್ಟು ಹಿಡಿಸುವುದಿಲ್ಲ. ಅಮ್ಮನ ವಿಷಯ ತಿಳಿಯಲು ಅಮ್ಮನ ರಕ್ತ ಇದೆಯಲ್ಲ!

ಆಮೇಲೆ ಅಪ್ಪನನ್ನು ಕೇಳಿದೆ. "ಕಾಂಡಕೊರಕ ಹಿಡಿದ ಗಿಡ ಸಿಕ್ಕರೆ ಏನು ಮಾಡ್ತೀರಿ?"

"ಕಿತ್ತು ಸುಡ್ತೀವಿ."

"ಮಗಳಿಗೆ ಬಿಆರ್‌ಸಿಎ ದೋಷ ಇದೆ ಅಂತ ನಾಳೆ ಗೊತ್ತಾದ್ರೆ, ನಾಡಿದ್ದು ಬೆಳಿಗ್ಗೆ ಏನು ಮಾಡ್ತೀರಿ?"

ಅವರು ಸುಮ್ಮನಾದರು. 13ನೇ ವಯಸ್ಸಿನಲ್ಲಿ ಮಾಡುವಂಥದ್ದು ಏನೂ ಇಲ್ಲ. ಸಾಮಾನ್ಯವಾಗಿ ಎದೆಯ ಎಂಆರ್‌ಐ ಶುರು ಮಾಡುವುದೇ 25ರ ಹೊತ್ತಿಗೆ. ಅಲ್ಲಿಯವರೆಗೆ ಹನ್ನೆರಡು ವರ್ಷ ಆ ಕಾಗದ ಬೀರುವಿನಲ್ಲಿರುತ್ತದೆ, ಅವಳ ತಲೆಯಲ್ಲೂ ಇರುತ್ತದೆ. "ಮದುವೆ ಹೊತ್ತಿಗಾದ್ರೂ ಗೊತ್ತಿರಬೇಕಲ್ವಾ ಮೇಡಂ?" ಅಂದರು. ಗೊತ್ತಿರಬೇಕೋ ಬೇಡವೋ ಅಂತ ಆಗ ಅವಳೇ ಹೇಳುತ್ತಾಳೆ ಅಂದೆ. ಈಗ ಗೊತ್ತಾದರೆ ಅತ್ತೆ, ಮಾವ, ಅಕ್ಕಪಕ್ಕದ ತೋಟದವರು ಎಲ್ಲರ ಬಾಯಲ್ಲೂ ಸುತ್ತಿ ಕೊನೆಗೆ ಅವಳ ಕಿವಿಗೆ ಬೀಳುತ್ತದೆ. ನಮ್ಮ ಕಡೆ ಸುದ್ದಿ ಹರಡುವ ವೇಗ ಅವರಿಗೇನು ಹೊಸದಲ್ಲ.

ಮೊದಲ ಎರಡು ಚೌಕಗಳ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಎಸ್‌ಸಿಎನ್‌1ಎ ಜೀನ್‌ನ ದೋಷದಿಂದ ಡ್ರಾವೆ ಸಿಂಡ್ರೋಮ್ ಅನ್ನುವ ಜೋರು ಫಿಟ್ಸ್ ಕಾಯಿಲೆ ಇರುವ ಮಕ್ಕಳಿಗೆ ಕಾರ್ಬಮಜೆಪೀನ್ ಥರದ ಮಾತ್ರೆಯಿಂದ ಫಿಟ್ಸ್ ಇನ್ನೂ ಜಾಸ್ತಿಯಾಗಬಹುದು. ಈ ಹುಡುಗಿಗೆ ಅದೇ ಇದೆ ಅಂತಲ್ಲ. ಆದರೆ ಕಾರಣ ಸಿಕ್ಕರೆ ಮಾತ್ರೆ ಬದಲಾಗಬಹುದು. ಎರಡನೆಯದಕ್ಕೆ ಲಾಂಗ್ ಕ್ಯುಟಿ ಅನ್ನುವ ಹೃದಯದ ತೊಂದರೆಯನ್ನು ತೆಗೆದುಕೊಳ್ಳಿ. ಎಚ್ಚರ ತಪ್ಪಿ ಬೀಳುವುದನ್ನು ಎಷ್ಟೋ ಸಲ ಫಿಟ್ಸ್ ಅಂತಲೇ ತಿಳಿದುಬಿಡುತ್ತಾರೆ. ಗೊತ್ತಾದರೆ ಮಾತ್ರೆ ಇದೆ, ಗೊತ್ತಾಗದಿದ್ದರೆ ಈಜುವಾಗ ಜೀವವೇ ಹೋಗಬಹುದು. ಇಂಥದ್ದನ್ನು ಬೇಡ ಅನ್ನಲು ಅಪ್ಪ ಅಮ್ಮನಿಗೂ ಹಕ್ಕಿಲ್ಲ ಅಂತ ನನ್ನ ಅನಿಸಿಕೆ. ಎಲ್ಲರೂ ಒಪ್ಪಬೇಕಾಗಿಲ್ಲ.

ಇನ್ನೊಂದು ಮಾತನ್ನೂ ಹೇಳಿ ಕಳಿಸಿದೆ. ಸಂಶೋಧನೆಯ ಲ್ಯಾಬಿನಿಂದ ಏನೇ ಸುದ್ದಿ ಬರಲಿ, ಹೊಸದಾಗಿ ರಕ್ತ ಕೊಟ್ಟು ಆಸ್ಪತ್ರೆಯ ಲ್ಯಾಬಿನಲ್ಲಿ ಖಚಿತ ಮಾಡಿಕೊಳ್ಳುವವರೆಗೂ ಮಾತ್ರೆ ಬದಲಿಸಬೇಡಿ.

ಅಮ್ಮನಿಗೆ ಹೇಳಿದ್ದೇ ಈ ಪ್ರಕರಣದ ಮುಖ್ಯ ಸಲಹೆ. ಅವರಿಗೆ 38. ಬಿಆರ್‌ಸಿಎ1 ದೋಷ ಇದ್ದರೆ ಅಂಡಾಶಯ ತೆಗೆಸುವ ಬಗ್ಗೆ ಯೋಚಿಸಿ ಅಂತ ಡಾಕ್ಟರುಗಳು ಹೇಳುವುದು 35ರಿಂದ 40ರೊಳಗೆ. ಅಂದರೆ ಕಾಯಲು ಸಮಯವಿಲ್ಲದಿರುವುದು ಮಗಳಿಗಲ್ಲ, ಅವರಿಗೆ. ಆದರೂ ಮೊದಲು ಅವರ ಪರೀಕ್ಷೆಯಲ್ಲ, ಅಕ್ಕನದು ಆಗಬೇಕು. ಕಾಯಿಲೆ ಬಂದವರಲ್ಲಿ ದೋಷ ಎಲ್ಲಿದೆ ಅಂತ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಬಹುದು. ಅಕ್ಕನಲ್ಲಿ ಸಿಕ್ಕ ದೋಷ ಇವರಲ್ಲಿ ಇಲ್ಲ ಅಂತಾದರೆ ಮಗಳಿಗೂ ಇವರಿಂದ ಅದು ಹೋಗಿರುವುದಿಲ್ಲ.

"ಅಕ್ಕನ್ನ ಹೇಗೆ ಕೇಳೋದು?" ಅಂದರು. ಅದಕ್ಕೆ ಇನ್ನೊಂದು ದಿನ ಬರಲು ಹೇಳಿದೆ. ಆ ಪ್ರಶ್ನೆಗೇ ಒಂದು ಗಂಟೆ ಬೇಕು.

ಹುಡುಗಿಯನ್ನು ಒಳಗೆ ಕರೆದೆ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ಸಂಶೋಧನೆಗೆ ಸೇರುವ 7ರಿಂದ 12 ವರ್ಷದ ಮಕ್ಕಳಿಂದ ಬಾಯಿಮಾತಿನ ಸಮ್ಮತಿ, ಅದಕ್ಕೂ ದೊಡ್ಡವರಾದರೆ 18ರವರೆಗೆ ಬರಹದಲ್ಲೇ ಸಮ್ಮತಿ ಪಡೆಯಬೇಕು. ಅವಳ ಕಾಗದ ಖಾಲಿ ಇತ್ತು. ಅದು ಏನಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮೂರು ಚೌಕಗಳನ್ನೂ ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ. ಮನೆಯವರ ಕಾಯಿಲೆಯ ಮಾತು ಎತ್ತಲಿಲ್ಲ.

"ಮೂರನೇದು ಈಗ ಬೇಡ ಅಂದ್ರೆ ಮುಂದೆ ಕೇಳಬಹುದಾ ಆಂಟಿ?"

ಕೇಳಬಹುದು ಅಂದೆ. ಆದರೆ ಅಷ್ಟು ವರ್ಷ ಅವಳ ಮಾಹಿತಿಯನ್ನು ಇಟ್ಟಿರುತ್ತಾರಾ ಅಂತ ಸಂಶೋಧಕರಿಂದ ಬರೆಸಿಕೊಳ್ಳಬೇಕು. ಈ ಕೆಲಸ ಅಪ್ಪನಿಗೆ ಕೊಟ್ಟೆ. ಮುಖ ಸ್ವಲ್ಪ ಸಣ್ಣದಾಗಿತ್ತು, ಆದರೂ ತಲೆಯಾಡಿಸಿದರು. ಹೊಸ ಪತ್ರದಲ್ಲಿ ಎರಡು ಟಿಕ್ ಬಿದ್ದವು. ಮೂರನೇ ಚೌಕದ ಪಕ್ಕ ಹುಡುಗಿ ಪೆನ್ಸಿಲ್‌ನಲ್ಲಿ 18 ಅಂತ ಬರೆದಳು. ಪೆನ್ಸಿಲ್ ಬರಹ ನಡೆಯಲ್ಲ ಕಣೇ ಅಂತ ಅಪ್ಪ ತಮ್ಮ ಪೆನ್ನು ಕೊಟ್ಟರು.

ಡಿಸೆಂಬರಿನಲ್ಲಿ ಅಮ್ಮ ಫೋನ್ ಮಾಡಿದ್ದರು. ಹಣ್ಣು ಕುಯ್ಯುವ ಗಲಾಟೆ ಹಿಂದೆ ಕೇಳಿಸುತ್ತಿತ್ತು. ಅಕ್ಕ ರಕ್ತ ಕೊಟ್ಟಿದ್ದಾರಂತೆ, ವರದಿ ಇನ್ನೂ ಬಂದಿಲ್ಲ.