ಎಂಬ್ರಿಯೋದಿಂದ ಸೆಲ್ ತೆಗೆದ್ರೆ ಮಗು ಊನ ಆಗುತ್ತಾ?

ಪ್ರಶ್ನೆ: ಮೇಡಂ ನಮಸ್ತೆ. ಮದ್ವೆಯಾಗಿ ಒಂಬತ್ತು ವರ್ಷ, ಈಗ ಐವಿಎಫ್ ಮಾಡಿಸ್ತಿದೀವಿ. ಐದನೇ ದಿನದ ಎಂಬ್ರಿಯೋ (ಭ್ರೂಣ) ಫೋಟೋ ತೋರಿಸಿದ್ರು, ಸೋಪಿನ ಗುಳ್ಳೆ ಥರ ಇತ್ತು, ಒಳಗಡೆ ಒಂದು ಪಕ್ಕದಲ್ಲಿ ಏನೋ ಗಂಟು ಅಂಟ್ಕೊಂಡಂಗಿತ್ತು. ಜೆನೆಟಿಕ್ ಟೆಸ್ಟ್‌ಗೆ ಅದ್ರಿಂದ ಐದಾರು ಸೆಲ್ ತೆಗೀತೀವಿ ಅಂತಿದಾರೆ. ಇರೋದೇ ಅಷ್ಟು ಚಿಕ್ಕದು, ಅದ್ರಲ್ಲೂ ಕಿತ್ರೆ ಮಗುಗೆ ಕೈನೋ ಕಾಲೋ ಊನ ಆಗಲ್ವಾ? ನಮ್ಮತ್ತೆ ಅಂತೂ ಊಟ ಬಿಟ್ಟು ಕೂತಿದಾರೆ.
- ಹೆಸರು ಬೇಡ, ದಾವಣಗೆರೆ

ಉತ್ತರ: ಮೊದ್ಲು ಅತ್ತೆಗೆ ಊಟ ಬಡಿಸಿ. ಸೆಲ್ ತೆಗೆಯೋದು ಆ ಗಂಟಿಂದ ಅಲ್ಲ, ಗುಳ್ಳೆಯ ಹೊರಗಿನ ಪದರದಿಂದ, ಆ ಪದರ ಮುಂದೆ ಮಗು ಆಗೋದೇ ಇಲ್ಲ, ಹೆರಿಗೆ ಆದ್ಮೇಲೆ ಬೀಳುತ್ತಲ್ಲ ಮಾಸು, ಅದಕ್ಕೆ ಹೋಗೋ ಸೆಲ್ ಅವು. ಹೊರಗಿನದಕ್ಕೆ ಟ್ರೋಫೆಕ್ಟೋಡರ್ಮ್ ಅಂತಾರೆ, ಒಳಗಿನ ಗಂಟಿಗೆ ಇನ್ನರ್ ಸೆಲ್ ಮಾಸ್ (ಹೆಸರಲ್ಲಿ ಮಾಸ್ ಇದೆ ಅಂತ ಕನ್‌ಫ್ಯೂಸ್ ಆಗ್ಬೇಡಿ, ಮಾಸು ಆಗೋದು ಅದಲ್ಲ!). ಆ ಗಂಟೂ ಪೂರ್ತಿ ಮಗು ಆಗಲ್ಲ, ಅದ್ರಲ್ಲೂ ಇನ್ನೊಂದ್ಸಲ ಪಾಲಾಗಿ ಒಂದು ಭಾಗ ಮಗು ಕಡೆ, ಒಂದು ಭಾಗ ಯೋಕ್ ಸ್ಯಾಕ್ (ಶುರುವಲ್ಲಿ ಮಗು ಜೊತೆ ಇರೋ ಪುಟ್ಟ ಚೀಲ) ಕಡೆ ಹೋಗುತ್ತೆ.

ಮತ್ತೆ ಯಾವ ಸೆಲ್ ಮಾಸು, ಯಾವ ಸೆಲ್ ಮಗು ಅಂತ ತೀರ್ಮಾನ ಮಾಡೋರು ಯಾರು ಅಂದ್ರೆ, ಬಹುಮಟ್ಟಿಗೆ ಅದು ಕೂತಿರೋ ಜಾಗ. ಇದು ಚೆನ್ನಾಗಿ ಗೊತ್ತಾಗಿದ್ದು ಇಲಿಗಳಲ್ಲಿ. 8 ಸೆಲ್ ಆಗೋವರೆಗೂ ದ್ರಾಕ್ಷಿ ಗೊಂಚಲಿನ ಥರ ಬಿಡಿಬಿಡಿಯಾಗಿ ಕಾಣ್ತಿದ್ದವು ಆಮೇಲೆ ಒಂದಕ್ಕೊಂದು ಒತ್ಕೊಂಡು, ಗೆರೆನೂ ಕಾಣದಂಗೆ, ತಟ್ಟಿದ ರಾಗಿಮುದ್ದೆ ಥರ ನುಣ್ಣಗಾಗ್ತವೆ, 16, 32 ಅಂತ ಹೆಚ್ಚಾಗ್ತಾ ಕೆಲವು ಒಳಗೆ ಸಿಕ್ಕೊಳ್ತವೆ. ಹೊರಗಿರೋ ಸೆಲ್‌ಗೆ ಒಂದು ಮುಖ ಖಾಲಿ, ಒಳಗಿರೋದಕ್ಕೆ ಸುತ್ತಲೂ ಬರೀ ನೆಂಟರೇ. ಈ ವ್ಯತ್ಯಾಸನ ಸೆಲ್ ಗುರುತಿಸುತ್ತೆ: ಹೊರಗಿನದ್ರಲ್ಲಿ ಯಾಪ್ ಅನ್ನೋ ಪ್ರೋಟೀನ್ ನ್ಯೂಕ್ಲಿಯಸ್ (ಸೆಲ್‌ನಲ್ಲಿ ಜೀನ್‌ಗಳಿರೋ ಕೋಣೆ) ಒಳಗೆ ಹೋಗಿ ಸಿಡಿಎಕ್ಸ್2 ಅನ್ನೋ ಜೀನ್ ಆನ್ ಮಾಡ್ಸುತ್ತೆ, ಆಯ್ತು, ಅದು ಮಾಸಿನ ದಾರಿ ಹಿಡೀತು. ಒಳಗಿನದ್ರಲ್ಲಿ ಯಾಪ್ ನ್ಯೂಕ್ಲಿಯಸ್‌ನಿಂದ ಹೊರಗೇ ನಿಂತುಬಿಡುತ್ತೆ, ಹಾಗಾಗಿ ಅದು ಗಂಟಿನ ಕಡೆ ಉಳಿಯುತ್ತೆ.

ಅದಕ್ಕೂ ಮುಂಚೆ ಅಂತೂ ಸೆಲ್‌ಗಳು ಎಷ್ಟು ಧಾರಾಳ ಅಂದ್ರೆ, 1959ರಲ್ಲಿ ಪೋಲೆಂಡಿನ ಆಂಜೇಯ್ ತಾರ್ಕೋವ್ಸ್ಕಿ ಎರಡೇ ಸೆಲ್ ಇದ್ದ ಇಲಿ ಎಂಬ್ರಿಯೋದಲ್ಲಿ ಒಂದನ್ನ ಸೂಜಿ ಚುಚ್ಚಿ ಸಾಯಿಸಿ, ಉಳಿದದ್ದನ್ನ ತಾಯಿಲಿಗೆ ಹಾಕಿದ್ರು, ಅರ್ಧ ಇಲಿ ಹುಟ್ಲಿಲ್ಲ, ಪೂರ್ತಿ ಇಲಿನೇ ಹುಟ್ತು.

ಹಾಗಂತ ಏನೂ ರಿಸ್ಕೇ ಇಲ್ಲ ಅಂತ ಹೇಳಲ್ಲ. ತೆಗೆಯೋವಾಗ ಎಂಬ್ರಿಯೋಗೇ ಪೆಟ್ಟು ಬಿದ್ರೆ ಅದು ಗರ್ಭಕ್ಕೆ ಕಚ್ಕೊಳ್ಳದೇ ಹೋಗಬಹುದು, ಹಾಗಾಗಿ ಕೈ ಪಳಗಿದವ್ರು ಮಾಡ್ತಾರಾ ಅಂತ ಕೇಳಿ. ಇನ್ನೊಂದು, ಟೆಸ್ಟ್ ನೋಡೋದು ಮಾಸಿನ ಕಡೆ ಸೆಲ್‌ನ, ಮಗು ಕಡೆದು ಕೆಲವೊಮ್ಮೆ ಬೇರೆ ಇರುತ್ತೆ, ರಿಪೋರ್ಟ್ ನೂರಕ್ಕೆ ನೂರು ಅಂತ ನಂಬ್ಕೊಂಡು ಕೂರಬೇಡಿ, ಬಸುರಿ ಆದ್ಮೇಲೆ ಸ್ಕ್ಯಾನಿಂಗ್ ತಪ್ಪಿಸಬೇಡಿ. ಗಂಡೋ ಹೆಣ್ಣೋ ಅಂತ ಮಾತ್ರ ಕೇಳೋ ಹಾಗಿಲ್ಲ, ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆ ಐವಿಎಫ್ ಲ್ಯಾಬಿಗೂ ಅನ್ವಯ ಆಗುತ್ತೆ.