ಸಂಪಾದಕರ ಉತ್ತರ: ಹಿಮನದಿ ಹಿಂದೆ ಸರಿದಾಗ ಕಣಿವೆಯ ಕಲ್ಲು, ಹೂಳು

ವಾಸ್ಕೋದ ಶಾಲಾ ಶಿಕ್ಷಕರೊಬ್ಬರ ಪ್ರಶ್ನೆ: "ಸೆಕೆ, ಮಳೆ ಎರಡೂ ಜೋರಾಗಿರುವ ಗೋವಾದಲ್ಲಿ ಬಂಡೆ ಜಂಬಿಟ್ಟಿಗೆಯಾಗುತ್ತದೆ, ಸರಿ. ಧ್ರುವದ ಚಳಿಯಲ್ಲೂ ಕಲ್ಲು ಕರಗುತ್ತದೆಯೇ? ಶಿಥಿಲವಾಗುವ ಕಲ್ಲು ಇಂಗಾಲದ ಡೈಆಕ್ಸೈಡ್ ಹೀರುತ್ತದಂತೆ. ಹಾಗಾದರೆ ಹಿಮನದಿ ಸರಿಯುವುದರಿಂದ ಒಂದಷ್ಟು ಒಳ್ಳೆಯದೂ ಆಗುತ್ತದಲ್ಲವೇ?"

ಮೇಷ್ಟ್ರೇ,

ಕರಗುತ್ತದೆ. ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಿಧಾನ, ನಿಜ. ಆದರೆ ಕಲ್ಲಿನ ಎಷ್ಟು ಮೈ ನೀರಿಗೆ ತಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಹಿಮನದಿ ತಳದಲ್ಲಿ ಸಿಕ್ಕಿದ ಕಲ್ಲುಗಳಿಂದ ಬಂಡೆಯನ್ನು ಉಜ್ಜಿ ಹಿಟ್ಟು ಮಾಡುತ್ತದೆ. 1 ಸೆಂ.ಮೀ. ಅಳತೆಯ ಘನಾಕಾರದ ಕಲ್ಲಿನ ಮೇಲ್ಮೈ 6 ಚದರ ಸೆಂ.ಮೀ.; ಅದನ್ನೇ 10 ಮೈಕ್ರಾನಿನ (ಮಿಲಿಮೀಟರಿನ ನೂರನೇ ಒಂದು ಭಾಗದ) ಘನಗಳಾಗಿ ಪುಡಿಮಾಡಿದರೆ 6,000 ಚದರ ಸೆಂ.ಮೀ.!

ಈ ಹಿಟ್ಟಿನಲ್ಲಿ ಕ್ಯಾಲ್ಸೈಟ್ (ಸುಣ್ಣದಕಲ್ಲಿನ ಖನಿಜ), ಪೈರೈಟ್ (ಕಬ್ಬಿಣ, ಗಂಧಕ ಕೂಡಿದ ಖನಿಜ) ಅತ್ಯಲ್ಪ ಇದ್ದರೂ ಮೊದಲು ಕರಗುವುದು ಅವೇ. ಪೈರೈಟ್‌ಗೆ ನೀರು, ಆಮ್ಲಜನಕ ಸೇರಿದರೆ ಸಲ್ಫ್ಯೂರಿಕ್ ಆಮ್ಲ. ಆ ಆಮ್ಲ ಕ್ಯಾಲ್ಸೈಟನ್ನು ಕರಗಿಸುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ದೀರ್ಘಕಾಲ ಹಿಡಿದಿಡುವುದು ಸಿಲಿಕೇಟ್ ಖನಿಜಗಳ (ಸಿಲಿಕಾನ್, ಆಮ್ಲಜನಕ ಕೂಡಿದವು) ಶಿಥಿಲೀಕರಣ, ಅದು ಬಲು ನಿಧಾನ. ಪೈರೈಟ್ ಮತ್ತು ಕ್ಯಾಲ್ಸೈಟ್ ಜೋಡಿಯಾದರೋ ಕಲ್ಲಿನೊಳಗಿನ ಇಂಗಾಲವನ್ನೇ ಹೊರಗೆ ಬಿಡುತ್ತದೆ. ಇಂಥ ಕಣಿವೆಗಳಿಂದ ಲಾಭ ಎಣಿಸುವುದು ತಪ್ಪು ಲೆಕ್ಕ.

ಇದನ್ನು ಪತ್ತೆ ಹಚ್ಚುವುದು ಹೊಳೆ ನೀರಿನ ಸಲ್ಫೇಟ್, ಬೈಕಾರ್ಬನೇಟ್ ಪ್ರಮಾಣದಿಂದ. ಮಾದರಿಯನ್ನು ಅಲ್ಲೇ 0.45 ಮೈಕ್ರಾನ್ ಸೋಸುಕಾಗದದಲ್ಲಿ ಸೋಸಬೇಕು, ಕ್ಯಾಲ್ಸಿಯಂ ಅಳೆಯುವ ಬಾಟಲಿಗೆ ನೈಟ್ರಿಕ್ ಆಮ್ಲ ಆಮೇಲೆ. ಸೋಸುವ ಮೊದಲೇ ಆಮ್ಲ ಬಿದ್ದರೆ ತೇಲುವ ಹಿಟ್ಟೇ ಬಾಟಲಿಯಲ್ಲಿ ಕರಗಿ, ಹೊಳೆಯಲ್ಲಿಲ್ಲದ ಕ್ಯಾಲ್ಸಿಯಂ ಲೆಕ್ಕಕ್ಕೆ ಬರುತ್ತದೆ.

ಇನ್ನು ಹೂಳು. ಉತ್ತರ ಧ್ರುವದ ಬಳಿಯ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ನ್ಯೂ ಓಲೆಸುಂಡ್‌ನಲ್ಲಿ, 79 ಡಿಗ್ರಿ ಉತ್ತರದಲ್ಲಿ, 2008ರಿಂದ ಭಾರತದ ಹಿಮಾದ್ರಿ ಕೇಂದ್ರವಿದೆ. ಅದನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ನಿಮ್ಮ ವಾಸ್ಕೋದಲ್ಲೇ ಇದೆ. ಸ್ವಾಲ್ಬಾರ್ಡ್‌ನ ಕಣಿವೆಗಳಲ್ಲಿ ಹಿಮ ಸರಿದ ಕಡೆ ಇಳಿಜಾರುಗಳು ಆಸರೆ ಕಳೆದುಕೊಂಡು ಕುಸಿಯುತ್ತವೆ. ಒಡಲಲ್ಲಿ ಮಂಜುಗಡ್ಡೆ ಉಳಿದ ಮೊರೇನ್ ದಿಬ್ಬಗಳು (ಹಿಮನದಿ ತಂದು ಗುಡ್ಡೆ ಹಾಕಿದ ಕಲ್ಲು-ಮಣ್ಣು) ಕರಗಿ ಜಾರುತ್ತವೆ. ಹೀಗಾಗಿ ಹೂಳು ಮೊದಲು ಹೆಚ್ಚುತ್ತದೆ. ಸಣ್ಣ ಕಣವೆಲ್ಲ ತೊಳೆದು ಹೋಗಿ ದಪ್ಪ ಕಲ್ಲಷ್ಟೇ ಮೇಲುಳಿದಾಗ, ಹಿಮನದಿಯೂ ಸೊರಗಿದಾಗ, ಇಳಿಯುತ್ತದೆ. ಆಗಲೂ ಒಂದು ದೊಡ್ಡ ಮಳೆ ಬಂದರೆ ದಡ ಕುಸಿದು ಹೊಳೆ ಮತ್ತೆ ಕೆಸರಾಗಬಹುದು. ಹೊಳೆ ತಿಳಿಯಾಯಿತು ಎಂದರೆ ಹಿಮನದಿ ಚೇತರಿಸಿಕೊಂಡಿತು ಎಂದರ್ಥವಲ್ಲ.

ಹೂಳು ದಿನದೊಳಗೂ ಬದಲಾಗುತ್ತದೆ. ನೀರು ಏರುವಾಗ ಹೆಚ್ಚು, ಅಷ್ಟೇ ನೀರು ಇಳಿಯುವಾಗ ಸಾಮಾನ್ಯವಾಗಿ ಕಡಿಮೆ. ದಿನಕ್ಕೊಂದೇ ಮಾದರಿ, ಅದೂ ಬೆಳಿಗ್ಗೆ ಮಾತ್ರ ತೆಗೆದರೆ ಒಟ್ಟು ಹೂಳು ಕಡಿಮೆಯಾಗಿ ಕಾಣುತ್ತದೆ.

ತರಗತಿಯಲ್ಲಿ ತೋರಿಸಲು ಶಹಾಬಾದ್ ಕಲ್ಲು ಸಾಕು, ಅದು ಸುಣ್ಣದಕಲ್ಲೇ. 10 ಗ್ರಾಂ ತುಂಡು ಒಂದು ಲೋಟಕ್ಕೆ, ಜರಡಿ ಹಿಡಿದ 10 ಗ್ರಾಂ ಪುಡಿ ಇನ್ನೊಂದಕ್ಕೆ. ಎರಡರಲ್ಲೂ 100 ಮಿ.ಲೀ. ಬಿಳಿ ವಿನೆಗರ್. ಪುಡಿ ಹಾಕುವ ಲೋಟದ ವಿನೆಗರನ್ನು ಮಾತ್ರ, ಪುಡಿ ಹಾಕುವ ಮೊದಲೇ, ಮಂಜುಗಡ್ಡೆಯಲ್ಲಿಟ್ಟು ತಣ್ಣಗಾಗಿಸಿ. ಆದರೂ ಗುಳ್ಳೆ ಜೋರಾಗಿ ಏಳುವುದು ಪುಡಿಯಲ್ಲೇ. ಪಾಲಿಶ್ ಮಾಡಿದ ಮೈಯ ತುಂಡು ಬೇಡ, ಒಡೆದು ಒಳಭಾಗ ತೆಗೆದುಕೊಳ್ಳಿ. ಒಡೆಯುವಾಗ ಕಣ್ಣಿಗೆ ಕನ್ನಡಕವಿರಲಿ. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ಒಮ್ಮೆಲೇ ಸುರಿದರೆ ನೊರೆ ಉಕ್ಕುತ್ತದೆ. ಬಾಟಲಿಯಲ್ಲಿ ಮಾಡುವುದಾದರೆ ಮುಚ್ಚಳ ಬಿಗಿಯಬೇಡಿ.